ಎಡಗಡೆಯ ಎರಡನೆಯ ಪಟ್ಟಿ

ಕ್ಞೀ... ಇಂ. ಕ್ಞೀ... ಇಂ.

ಹೀಗೆ ಬರೆದರೆ ಅದು ಏನೂ ಅಲ್ಲ. ಎಳೆಗೂಸು ಅತ್ತೂ ಅತ್ತೂ ಗಂಟಲು ಒಣಗಿದ ಮೇಲೆ ಒಂದು ಸ್ವರ ಬರುತ್ತದಲ್ಲ, ಅದನ್ನು ಯಾರೋ ಕಬ್ಬಿಣದ ಕೊಳವೆಯೊಳಗಿಂದ ಕೇಳಿಸಿದ ಹಾಗೆ. ನಮ್ಮ ದೊಡ್ಡ ಕಾರು ಶ್ರೀನಿವಾಸಪುರದ ನಮ್ಮ ಬೀದಿಗೆ ತಿರುಗಿತೆಂದರೆ ಮೊದಲು ಬರುತ್ತಿದ್ದದ್ದು ಈ ಸದ್ದು, ಆಮೇಲೆ ಎಂಜಿನ್ನಿನದು, ಕೊನೆಗೆ ಕಾರು. ಆ ಸದ್ದು ನೆನಪಾದಾಗಲೆಲ್ಲ ಅದರ ಹಿಂದೆಯೇ ಒಂದು ಬಾಯಿ ನೆನಪಾಗುತ್ತದೆ. ಎಲೆಅಡಿಕೆಯಿಂದ ಕೆಂಪಾದ, ಎಡಗಡೆಯ ಹಲ್ಲುಗಳೆಲ್ಲ ಓರೆಯಾಗಿ ಸವೆದ ಬಾಯಿ. ಅದರಲ್ಲಿ ಕಚ್ಚಿ ಹಿಡಿದ ಮೊಳದುದ್ದದ ಒಂದು ಹುಣಸೆ ಕೋಲು. ಕೋಲಿನ ಇನ್ನೊಂದು ತುದಿ ಕಾರಿನ ಹೊಟ್ಟೆಗೆ ಒತ್ತಿರುತ್ತಿತ್ತು. ಕಣ್ಣು ಮುಚ್ಚಿರುತ್ತಿತ್ತು.

ಅವರು ಮುಳಬಾಗಿಲಿನ ಕಮ್ಮಾರರು. ನಾನು ಕರೆಯುತ್ತಿದ್ದದ್ದು ಕುಲುಮೆ ತಾತ ಎಂದು. ನಮ್ಮ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ತವರೂರು ಮುಳಬಾಗಿಲು. ಅಜ್ಜಿಯ ಅಡಕತ್ತರಿ, ಈಳಿಗೆಮಣೆಯ ಅಲಗು, ನಮ್ಮ ಬಾವಿಯ ರಾಟೆಯ ಕೀಲು ಎಲ್ಲವೂ ಅವರ ಕೈಯಲ್ಲೇ ಆದವು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆ ಕೂರಿಸುವುದು ಅವರ ದಿನದ ಕಸುಬು. ಜನ್ಮದಲ್ಲಿ ಕಾರಿನೊಳಗೆ ಕೂತವರಲ್ಲ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎಣಿಸುವುದು ಮಾತ್ರ ಪೂರ್ತಿ ತೆಲುಗಿನಲ್ಲಿ. ಕೋಲು ಯಾಕೆ ಕಚ್ಚುತ್ತೀರಿ ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದ್ದರು: "ಕಿವಿ ಊರಿನ ಮಾತೆಲ್ಲ ಕೇಳ್ತದೆ ಕಣಮ್ಮ. ಹಲ್ಲು ಒಂದೇ ಮಾತು ಕೇಳ್ತದೆ."

ಅದು ಯುದ್ಧದ ಎರಡನೆಯದೋ ಮೂರನೆಯದೋ ಬೇಸಿಗೆ. ನನಗೆ ಹನ್ನೊಂದು ವರ್ಷ. ಬೆಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಿಂದ ಹಾಲಿಡೇಸಿಗೆ ಬಂದಿದ್ದೆ. ಅಪ್ಪನದು ಮಾವಿನ ಮಂಡಿ. ಚಿನ್ನದ ಗಣಿಯ ಒಬ್ಬ ದೊರೆ ಸ್ವದೇಶಕ್ಕೆ ಹೊರಟಾಗ ಅವನ ಕಾರನ್ನು ಅಪ್ಪ ಕೊಂಡಿದ್ದರು. ಏಳು ಜನ ಕೂರುವ, ಆನೆಯಂಥ ಕಾರು. ಅದರ ಹಿಂದಿನ ಸೀಟು ಬಿಚ್ಚಿ ಮಾವಿನ ಬುಟ್ಟಿಗಳನ್ನು ಹೇರುತ್ತಿದ್ದರೆಂಬುದನ್ನು ನಾನು ಕಾನ್ವೆಂಟಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕಾನ್ವೆಂಟಿನ ಮಟ್ಟಿಗೆ ಅದು ಒನ್ಲಿ ಫ್ಯಾಮಿಲಿ ಕಾರ್.

ಆ ಬೇಸಿಗೆಯಲ್ಲಿ ಅಮ್ಮನಿಗೆ ಏಳು ತಿಂಗಳು. ನನ್ನ ನಂತರ ಎರಡು ಕೂಸುಗಳು ಉಳಿದಿರಲಿಲ್ಲ. ಒಂದು ಹುಟ್ಟುವ ಮುಂಚೆಯೇ ಹೋಯಿತು, ಇನ್ನೊಂದು ನಾಲ್ಕು ತಿಂಗಳಿದ್ದು. ಈ ಸಲದ್ದು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ಈಗಲೇ ಹೋಗಿ ಅಲ್ಲೇ ಇರಬೇಕು, ಮಲಗಿಸಿಕೊಂಡೇ ಕರೆದೊಯ್ಯಬೇಕು ಎಂದು ಕೋಲಾರದ ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದರು. ಸಣ್ಣ ರೈಲಿತ್ತು, ಆದರೆ ಬೌರಿಂಗ್‌ಪೇಟೆಯಲ್ಲಿ ಇಳಿದು ಬೇರೆ ರೈಲು ಹತ್ತಬೇಕು; ಡಬ್ಬಿಗಳ ತುಂಬ ಸೋಲ್ಜರುಗಳು. ಇದ್ದಿಲ ಗ್ಯಾಸಿನ ಬಸ್ಸಿನಲ್ಲಂತೂ ಗಟ್ಟಿ ಆಳಿನ ಮೂಳೆಯೂ ಕಳಚುತ್ತಿತ್ತು. ಉಳಿದದ್ದು ನಮ್ಮ ಕಾರೊಂದೇ.

ಅಮ್ಮ ಮಾತ್ರ ಹತ್ತುವುದಿಲ್ಲ ಎಂದರು.

"ಆ ಸದ್ದು ನಿಲ್ಲೋವರ್ಗೂ ನಾನು ಅದ್ರಲ್ಲಿ ಕೂತ್ಕೊಳಲ್ಲ," ಎಂದರು. ಕಾರಣ ಹೇಳಲಿಲ್ಲ. ಬಸುರಿಯ ಬಯಕೆಗಳಲ್ಲಿ ಇದೂ ಒಂದು ಎಂದುಕೊಂಡರು ಎಲ್ಲರೂ. ಆದರೆ ಅಜ್ಜಿಯ ಲೆಕ್ಕ ಬೇರೆ ಇತ್ತು. ಏಳು ಕಳೆದು ಎಂಟು ಬಿದ್ದರೆ ಗರ್ಭಿಣಿ ಊರ ಗಡಿ ದಾಟಬಾರದು. ಆಮೇಲೆ ಒಂಬತ್ತು ಬರುವ ತನಕ ಕಾಯಬೇಕು. ಅಷ್ಟು ಕಾಯುವ ಹಾಗಿಲ್ಲ ಎಂದೇ ಡಾಕ್ಟರಮ್ಮ ಹೇಳಿದ್ದು. ಅಜ್ಜಿ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಗೀಟು ಎಳೆದಿದ್ದರು, ದಿನಕ್ಕೊಂದು ಅಳಿಸುತ್ತಿದ್ದರು. ಅಮ್ಮ ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ ನಡೆಯುತ್ತಲೇ ಇದ್ದರು. ಕೂತರೆ ಏಳುವರು, ಎದ್ದರೆ ಕೂರುವರು. ರೆಸ್ಟ್‌ಲೆಸ್ ಎಂಬ ಪದವನ್ನು ಸಿಸ್ಟರ್ ನಮಗೆ ಡಿಕ್ಟೇಷನ್ನಿನಲ್ಲಿ ಕೊಟ್ಟಿದ್ದರು. ಅದರ ಅರ್ಥ ನನಗೆ ತಿಳಿದದ್ದು ಅಮ್ಮನ ಕಾಲಂದುಗೆಯ ಸದ್ದಿನಲ್ಲಿ.

ಕೋಲಾರದಿಂದ ಒಬ್ಬ ಮೆಕ್ಯಾನಿಕ್ ಬಂದ. ಸ್ಪ್ರಿಂಗಿಗೆ ಎಣ್ಣೆ ಹೊಯ್ದ, ಸದ್ದು ನಿಂತಿತು, ಹೋದ. ಮಧ್ಯಾಹ್ನದ ಹೊತ್ತಿಗೆ ಸದ್ದು ವಾಪಸ್ಸು ಬಂತು. ಆ ಕಾರಿನ ಚಕ್ರಗಳ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು, ಒಂದರ ಮೇಲೊಂದು ಪೇರಿಸಿ ಬಿಗಿದವು. ಗುಂಡಿಗೆ ಬಿದ್ದಾಗ ಅವು ಒಂದರ ಮೇಲೊಂದು ಜಾರಿ ಕುಲುಕನ್ನೆಲ್ಲ ತಾವೇ ನುಂಗಿಕೊಳ್ಳಬೇಕು. ನಮ್ಮವು ನುಂಗುತ್ತಿರಲಿಲ್ಲ, ಅಳುತ್ತಿದ್ದವು. ಆಮೇಲೆ ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ವೈದ್ಯ. ಅಪ್ಪ ಎಂಜಿನ್ ಆಯಿಲ್ ಹಾಕಿದರು. ಡ್ರೈವರ್ ಭಾಯಿ, ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು, ಅಂದರೆ ಹರಳೆಣ್ಣೆಗೆ ಹುಲ್ಲಿನ ಬೂದಿ ಕಲಸಿದ್ದನ್ನು, ಮೆತ್ತಿದರು. ಅಜ್ಜಿ ಯಾರಿಗೂ ಹೇಳದೆ ಒಂದು ಚೊಂಬು ಹೊಂಗೆ ಎಣ್ಣೆ ಸುರಿದರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೇಲೆ ನಮ್ಮ ಕಡೆಯ ಕೆಂಪು ಧೂಳು.

ಗೋಡೆಯಲ್ಲಿ ನಾಲ್ಕು ಗೀಟು ಉಳಿದಿದ್ದಾಗ ಅಜ್ಜಿ ತವರೂರಿಗೆ ಹೇಳಿಕಳಿಸಿದರು. ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಕುಲುಮೆ ತಾತ ಬಂದಿಳಿದರು. ಹೆಗಲಲ್ಲಿ ಗೋಣಿಚೀಲ, ಕಂಕುಳಲ್ಲಿ ಕೋಲು. ಕಾರನ್ನು ಒಂದು ಸುತ್ತು ಬಂದು, ಕೆಳಗೆ ಕೈ ಹಾಕಿ, ಕಪ್ಪು ಅಂಟನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದರು.

"ಏನಕ್ಕಯ್ಯ, ಕಾರಿಗೆ ಎಣ್ಣೆಸ್ನಾನ ಮಾಡ್ಸಿದ್ದೀರಿ. ಸೀಗೆಪುಡಿ ಹಾಕೋದ್ ಮರ್ತ್‌ಬಿಟ್ರಾ?"

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ನಾನ್ ಒಂದೇ ಚೊಂಬು ಹಾಕಿದ್ದು ಕಣಯ್ಯ."

"ಒಂದೇ ಚೊಂಬು! ಇಲ್ಲಿ ಮೂರು ಮನೆ ಎಣ್ಣೆ ವಾಸನೆ ಬರ್ತಾ ಐತೆ."

ಅಪ್ಪ ಆಕಾಶ ನೋಡಿದರು, ಡ್ರೈವರ್ ಭಾಯಿ ಟೈರು ನೋಡಿದರು.

ಕಾರು ಓಡಿಸಿ ತೋರಿಸಲು ಪೆಟ್ರೋಲಿರಲಿಲ್ಲ. ಕೂಪನ್ನಿನ ಪೆಟ್ರೋಲು ಬೆಂಗಳೂರಿಗೆ ಹೋಗಿಬರುವಷ್ಟೇ. ಅಪ್ಪ ಕೈ ಹಿಸುಕಿಕೊಂಡರು. ತಾತ, "ಪೆಟ್ರೋಲ್ ಯಾತಕ್ಕಯ್ಯ? ಎಂಜಿನ್ ಕಿರುಚ್ತಾ ಇದ್ರೆ ನಂಗೇನ್ ಕೇಳ್ತದೆ? ಎತ್ತು ಕಟ್ಸಿ," ಎಂದರು.

ಹೀಗೆ ಗಣಿ ದೊರೆಯ ಕಾರಿಗೆ ನಮ್ಮ ಮಂಡಿಯ ಗಾಡಿಯ ಜೋಡಿ ಎತ್ತು ಕಟ್ಟಿದರು. ಕೊರಳ ಗಂಟೆ ಬಿಚ್ಚಿಸಿದರು. ಖಾಲಿ ಕಾರು ಬೀದಿಯ ಈ ತುದಿಯಿಂದ ಆ ತುದಿಗೆ ಮೌನವಾಗಿ ಹೋಗಿ ಬಂತು, ಒಂದು ಸೊಲ್ಲೂ ಇಲ್ಲದೆ. ಡ್ರೈವರ್ ಭಾಯಿ, "ನೋಡಿ, ನಾಚ್ಕೊಂಡ್ ಕೂತೈತೆ. ನಮ್ ಮುಂದೆ ದಿನಾ ಹಾಡ್ತೈತೆ," ಎಂದರು.

"ಹೊಟ್ಟೆ ತುಂಬಿದ್ರೆ ತಾನೆ ಹಾಡೋದು," ಎಂದ ತಾತ ಬೀದಿಯ ಹೆಂಗಸರನ್ನು ಕರೆದರು. ಅವರಿಗೂ ಅದೇ ಬೇಕಿತ್ತು. ನಾಲ್ಕು ಜನ ಗಟ್ಟಿಗಿತ್ತಿಯರು ಕಾರು ಹತ್ತಿ ಸೆರಗು ಹೊದ್ದು ಕೂತರು. ಎತ್ತು ಎಳೆಯಿತು. ತಾತ ಫುಟ್‌ಬೋರ್ಡಿನ ಮೇಲೆ ಉದ್ದಕ್ಕೆ ಮಲಗಿ, ಕೋಲನ್ನು ಕೆಳಗಿನ ಕಬ್ಬಿಣಕ್ಕೆ ಒತ್ತಿ, ಇನ್ನೊಂದು ತುದಿ ಕಚ್ಚಿದರು. ಒಳಗಿನಿಂದ ಕಿಸಿಕಿಸಿ ನಗು. ತಾತ ಕೋಲು ತೆಗೆದು ಗದರಿದರು: "ಏಯ್ ಅಮ್ಮಣ್ಣಿ, ನೀನ್ ನಗೋದೂ ಹಲ್ಲಿಗೆ ಬರ್ತಾ ಐತೆ. ಬಲಗಡೆಗೆ ಜರುಗು." ಹೆಂಗಸರನ್ನು ಬಲಕ್ಕೆ ಕೂರಿಸಿದರು, ಸದ್ದಿಲ್ಲ. ಎಡಕ್ಕೆ ಕೂರಿಸಿದರು.

ಕ್ಞೀ... ಇಂ.

ಜಗಲಿಯ ಬಾಗಿಲ ಹಿಂದೆ ಅಮ್ಮನ ಕಾಲಂದುಗೆ ನಿಂತಿತು.

ತಾತ ಇಳಿದು ಬಂದು ಹಣೆ ಒರೆಸಿಕೊಂಡರು. "ಹಿಂದಿನ ಎಡಗಡೆ. ಆದ್ರೆ ಅದ್ರಲ್ಲಿ ಎರಡು ಸದ್ದೈತೆ. ಮೇಲಿಂದು ಎಣ್ಣೆ ಧೂಳು ಕೂತು ಒಣಗಿರೋದು. ಅಡೀಲಿ ಇನ್ನೊಂದೈತೆ, ಅದು ಏನೂಂತ ತಿಳೀತಾ ಇಲ್ಲ. ಯಾವಾಗಿಂದ ಇದು?"

"ಹೋದ ಸಲದ ಮಾವಿನ ಕಾಲ ಮುಗಿದ ಮೇಲೆ," ಎಂದರು ಅಪ್ಪ. "ಬುಟ್ಟಿ ಭಾರಕ್ಕೆ."

"ಹೌದು, ಬುಟ್ಟಿ ಭಾರಕ್ಕೆ," ಎಂದರು ಡ್ರೈವರ್ ಭಾಯಿ. ಬಹಳ ಬೇಗ ಎಂದರು.

"ಎಡಗಡೆ ಕೂತ್ಕೊಳೋರು ಯಾರು?"

ಎಡಗಡೆ ಅಮ್ಮನ ಜಾಗ. ತಾತ ಸುತ್ತ ಎಲ್ಲರ ಮುಖ ನೋಡಿದರು. ಆಮೇಲೆ ಸೀದಾ ಜಗಲಿಯ ಮೆಟ್ಟಿಲ ಕೆಳಗೆ ಹೋಗಿ ನಿಂತು, ಬಾಗಿಲಿನ ಕಡೆ ಮುಖ ಮಾಡಿ, "ತಾಯೀ, ಇದು ಯಾವಾಗಿಂದ ಕೂಗ್ತಾ ಐತೆ?" ಎಂದರು.

"ಅವಳನ್ನೇನ್ ಕೇಳ್ತೀಯಯ್ಯ," ಎಂದರು ಅಜ್ಜಿ. "ಏಳು ತಿಂಗ್ಳು ತುಂಬ್ತಿರೋ ಹೆಂಗ್ಸು."

"ಕೂತಿದ್ದೋರಿಗೆ ಗೊತ್ತಿರ್ತದಕ್ಕಯ್ಯ. ನಿಂತಿದ್ದೋರಿಗೇನ್ ಗೊತ್ತು?"

ಎತ್ತುಗಳು ಬಾಲ ಬೀಸುವ ಸದ್ದು ಕೇಳುತ್ತಿತ್ತು. ಬಾಗಿಲ ಹಿಂದಿನಿಂದಲೇ ಅಮ್ಮ ಹೇಳಿದರು.

"ಮಾವಿನ ಕಾಲದಲ್ಲಲ್ಲ. ಆವಾಗಿನ್ನೂ ಹೂವೇ ಬಿಟ್ಟಿರ್ಲಿಲ್ಲ. ಹೋದ ವರ್ಷದ ಪುಷ್ಯ ಮಾಸ. ಮಗೂನ ಕೋಲಾರದ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಾ ಇದ್ವಿ. ದಾರೀಲಿ ಮೋರಿ ಹತ್ರ ಕಾರು ಎಗರಿಬಿತ್ತು. ಎಡಗಡೆ. ನನ್ ಕೆಳಗೇನೇ ಟಣ್ ಅಂತು. ಅಲ್ಲಿಂದ ಶುರುವಾಯ್ತು. ಮಗೂನೂ ಅಳ್ತಾ ಇತ್ತು, ಇದೂ ಅಳ್ತಾ ಇತ್ತು. ಕೋಲಾರದ ಕೆರೆ ಕಾಣೋ ಹೊತ್ಗೆ ಮಗು ನಿಲ್ಲಿಸ್ತು. ಇದು ನಿಲ್ಲಿಸ್ಲಿಲ್ಲ."

ಆ ಮಗು ಹೋದ ಸುದ್ದಿ ನನಗೆ ಕಾನ್ವೆಂಟಿಗೆ ಒಂದು ಕಾರ್ಡಿನಲ್ಲಿ ಬಂದಿತ್ತು, ಅಷ್ಟೆ. ಆ ದಿನದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದಿರುವುದೇ ಅಮ್ಮನಿಗೆ ಮಾಡುವ ಉಪಕಾರ ಎಂದುಕೊಂಡಿದ್ದರು. ಒಂದೂವರೆ ವರ್ಷದಿಂದ ಆಕೆ ಆ ಕಾರಿನ ಹತ್ತಿರ ಸುಳಿಯದಿದ್ದದ್ದನ್ನು ಕೂಡ ಯಾರೂ ಯಾಕೆಂದು ಕೇಳಿರಲಿಲ್ಲ.

ಡ್ರೈವರ್ ಭಾಯಿ ಹೆಗಲ ಟವಲಿನಲ್ಲಿ ಮುಖ ಮುಚ್ಚಿಕೊಂಡರು. "ನಾನೇ ಅಮ್ಮಾ. ಬೇಗ ಹೋಗೋಣಾಂತ ಮೋರಿ ಹತ್ರ ನಿಧಾನ ಮಾಡ್ಲಿಲ್ಲ."

"ಬೇಗ ಹೊಡಿ ಅಂದೋನು ನಾನು," ಎಂದರು ಅಪ್ಪ.

ತಾತ ಬಾಗಿಲಿನ ಕಡೆ ಕೈಮುಗಿದು, "ಸಾಕು ತಾಯಿ. ಇನ್ನ ನಾನ್ ನೋಡ್ಕೊತೀನಿ," ಎಂದು ತಿರುಗಿ, ಚೀಲ ಬಿಚ್ಚಿದರು.

ಸಂಜೆಯ ಒಳಗೆ ಕಾರಿನ ಹಿಂಭಾಗ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಎಡಗಡೆಯ ಪಟ್ಟಿಗಳನ್ನೆಲ್ಲ ಬಿಚ್ಚಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸೀಮೆಎಣ್ಣೆಯಲ್ಲಿ ತೊಳೆದು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರು. ಆಮೇಲೆ ನೇರಳೆ ಮರದ ಕೊಂಬೆಗೆ ಹಗ್ಗದಲ್ಲಿ ಒಂದೊಂದನ್ನೇ ತೂಗುಹಾಕಿ, ಸಣ್ಣ ಸುತ್ತಿಗೆಯಲ್ಲಿ ಬಡಿದು ಕೇಳಿದರು, ಹೆಂಗಸರು ಮಡಕೆ ಕೊಳ್ಳುವಾಗ ಬಡಿದು ನೋಡುವ ಹಾಗೆ. "ಒಕಟಿ." ಅದು ನಮ್ಮ ಕಾನ್ವೆಂಟಿನ ಚಾಪೆಲ್ ಬೆಲ್ಲಿನ ಹಾಗೆ ಉಲಿಯಿತು. "ರೆಂಡು." ಅದು ಥಪ್ ಎಂದಿತು. ಇನ್ನೊಂದು ಸಲ ಬಡಿದರು. ಥಪ್.

"ಬಾ ಇಂಗ್ಲಿಷಮ್ಮ, ನಿನ್ ಕಣ್ಣು ಎಳೇದು," ಎಂದು ನನ್ನನ್ನು ಕರೆದು ತೋರಿಸಿದರು. ಎರಡನೆಯ ಪಟ್ಟಿಯ ನಡುವಿನ ತೂತಿನ ಪಕ್ಕದಲ್ಲಿ ಕೂದಲೆಳೆಯಂಥ ಒಂದು ಗೆರೆ. ಗೆರೆಯೊಳಗೆ ಕೆಂಪು ಧೂಳು ಕೂತಿತ್ತು. "ಇದು ಆವತ್ತು ಸೀಳ್ತು. ದಿನಾ ಒಂದೊಂದು ಕೂದಲು ಮುಂದಕ್ ಹೋಗೈತೆ. ಇನ್ನ ಉಳಿದಿರೋದು ಕಿರುಬೆರಳಿನಷ್ಟು." ಆಮೇಲೆ ಅಪ್ಪನ ಕಡೆ ತಿರುಗಿ, ದನಿ ಏರಿಸದೆ, "ಎಣ್ಣೆ ಹಾಕಿ ಬಾಯಿ ಮುಚ್ಚಿಸಿದ್ರೆ ಮುಚ್ಕೊಂಡೇ ಇರ್ತಿತ್ತಯ್ಯ. ಹೊಸಕೋಟೆ ಹತ್ರ ಎಲ್ಲಾದ್ರೂ ಒಂದೇ ಸಲ ಬಾಯಿ ಬಿಡ್ತಿತ್ತು," ಎಂದರು.

ಅಪ್ಪ ನೇರಳೆ ಮರದ ಬುಡದಲ್ಲಿ ಹಾಗೆಯೇ ಕುಕ್ಕರಿಸಿದರು.

ಹೊಸ ಪಟ್ಟಿಗೆ ಎಲ್ಲಿ ಹೋಗುವುದು? ಮದರಾಸಿನಿಂದ ಸಾಮಾನು ಬರುವುದು ನಿಂತಿತ್ತು. ಮಾಲೂರಿನಲ್ಲಿ ಕೆಟ್ಟು ನಿಂತ ಲಾರಿಯೊಂದಿದೆ, ಅದರ ಪಟ್ಟಿ ತರುತ್ತೇನೆ ಎಂದು ಡ್ರೈವರ್ ಭಾಯಿ ಯಾರ ಅಪ್ಪಣೆಗೂ ಕಾಯದೆ ಹೊರಟೇಬಿಟ್ಟರು. ಮಾರನೆಯ ದಿನ ಇಳಿಹೊತ್ತಿಗೆ ಬಂದಾಗ, ಪಟ್ಟಿ ಹೆಗಲ ಮೇಲಿತ್ತು, ಹೆಗಲು ಸುಲಿದಿತ್ತು. ಊರ ಗಾಡಿ ಕಮ್ಮಾರರ ಕುಲುಮೆಯನ್ನು ತಾತ ಒಂದು ದಿನದ ಮಟ್ಟಿಗೆ ತಮ್ಮದು ಮಾಡಿಕೊಂಡರು. ಕಬ್ಬಿಣ ಮುಟ್ಟುವ ಮುಂಚೆ ಅದನ್ನು ಹಣೆಗೆ ಒತ್ತಿಕೊಳ್ಳುವುದು ಅವರ ಪದ್ಧತಿ. ಕಾದ ಪಟ್ಟಿಯ ಬಣ್ಣ ಸರಿಯಾಗಿ ಕಾಣಬೇಕೆಂದು ಕುಲುಮೆಗೆ ಗೋಣಿ ಪರದೆ ಕಟ್ಟಿಸಿ ಕತ್ತಲೆ ಮಾಡಿಸಿದರು. ಕತ್ತರಿಸಿ, ತೂತು ಹೊಡೆದು, ಹಳೆಯದರ ಬಾಗಿಗೆ ಬಾಗಿಸಿ, ಅಜ್ಜಿಯ ಅದೇ ಹೊಂಗೆ ಎಣ್ಣೆಯಲ್ಲಿ ಅದ್ದಿದರು. ಹೊಗೆಯೊಳಗಿಂದ ಅವರ ದನಿ ಬಂತು: "ಅಕ್ಕಯ್ಯಂಗೆ ಹೇಳಿ, ಈಗ ಹಾಕ್ಬೇಕಾಗಿತ್ತು ಇದನ್ನ." ಅದ್ದಿದ್ದನ್ನು ಮತ್ತೆ ಹದವಾಗಿ ಕಾಯಿಸಿ, ತಣ್ಣಗಾದ ಮೇಲೆ ಕೊಂಬೆಗೆ ಕಟ್ಟಿ ಬಡಿದರು. ಅದು ಉಲಿಯಿತು.

ಗೋಡೆಯ ಮೇಲೆ ಒಂದೇ ಗೀಟು ಉಳಿದಿತ್ತು. ಆಗ ತಾತ ಇನ್ನೊಂದು ಬೇಡಿಕೆ ಇಟ್ಟರು. "ಧೂಳು ನುಗ್ಗದಂಗೆ ಇದಕ್ಕೊಂದು ಅಂಗಿ ತೊಡಿಸ್ಬೇಕು. ದಪ್ಪನೆ ಕ್ಯಾನ್ವಾಸು."

ಕ್ಯಾನ್ವಾಸೆಲ್ಲ ಮಿಲಿಟರಿಗೆ ಹೋಗುತ್ತಿದ್ದ ಕಾಲ. ಇಡೀ ಮನೆಯಲ್ಲಿ ಇದ್ದದ್ದು ಒಂದೇ ತುಂಡು: ಬೋರ್ಡಿಂಗಿಗೆ ಹಾಸಿಗೆ ಸುತ್ತಿಕೊಂಡು ಹೋಗುವ ನನ್ನ ಹೋಲ್ಡಾಲ್. ಹಸಿರು ಬಣ್ಣದ್ದು, ಚರ್ಮದ ಪಟ್ಟಿಯದು. ಅದರ ಮೇಲೆ ಸಿಸ್ಟರ್ ಸ್ವತಃ ಮಾರ್ಕಿಂಗ್ ಇಂಕಿನಲ್ಲಿ ನನ್ನ ಹೆಸರು, ನಂಬರು ಬರೆದಿದ್ದರು. ಕಾನ್ವೆಂಟಿಗೆ ಈಚಲ ಚಾಪೆಯಲ್ಲಿ ಹಾಸಿಗೆ ಸುತ್ತಿಕೊಂಡು ಹೋಗುವುದೆಂದರೆ ಏನು ಎಂದು ಈಗಿನವರಿಗೆ ಹೇಳಿದರೆ ತಿಳಿಯದು. ನಾನು ಹೋಲ್ಡಾಲನ್ನು ತಬ್ಬಿಕೊಂಡು ಕೂತೆ. ಅಜ್ಜಿ ಬೈದರು, ಅಪ್ಪ ಹೊಸದು ಕೊಡಿಸುವೆ ಎಂದರು. ತಾತ ಹತ್ತಿರ ಬಂದು ಕೂತು, "ಕಿತ್ಕೊಳಲ್ಲ ಇಂಗ್ಲಿಷಮ್ಮ. ನೀನಾಗೇ ಕೊಟ್ರೆ ಹೊಲೀತೀನಿ. ನಿನ್ ಹೆಸ್ರು ಇರೋ ಕಡೆ ಕತ್ರಿ ಹಾಕಲ್ಲ," ಎಂದರು.

ಕೊಟ್ಟೆ. ಸಂತೋಷದಿಂದ ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಕೊಟ್ಟು ಹಿತ್ತಲಿಗೆ ಹೋಗಿ ಅತ್ತೆ. ತಾತ ದಬ್ಬಳದಲ್ಲಿ ಅದನ್ನು ಪಟ್ಟಿಗಳ ಸುತ್ತ ಬಿಗಿಯಾಗಿ ಹೊಲಿದು, ಒಳಗೆ ಹರಳೆಣ್ಣೆಯಲ್ಲಿ ನೆನೆಸಿದ ಕಂಬಳಿ ತುಂಡು ಇಟ್ಟರು. ನನ್ನ ಹೆಸರು, ನಂಬರು ಎಡಗಡೆಯ ಹಿಂದಿನ ಚಕ್ರದ ಪಕ್ಕದಲ್ಲಿ, ನೆಲಕ್ಕೆ ಮುಖ ಮಾಡಿ ಕೂತವು.

ಮುಂದಿನ ಬೇಸಿಗೆಗೆ ನಾನು ಊರಿಗೆ ಬರುವಷ್ಟರಲ್ಲಿ ತಾತ ಇರಲಿಲ್ಲ. ಚಳಿಜ್ವರ ಬಂದು ಮೂರೇ ದಿನದಲ್ಲಿ ಹೋದರಂತೆ. ಅಜ್ಜಿ ಅಡಕತ್ತರಿಯನ್ನು ಹಿಡಿದುಕೊಂಡು, ಅಡಿಕೆ ಕತ್ತರಿಸದೆ, ಸುಮ್ಮನೆ ಕೂತು ಹೇಳಿದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ನನ್ನ ತಮ್ಮ ಆಗ ಅಂಬೆಗಾಲಿಕ್ಕುತ್ತ ಆ ಅಡಕತ್ತರಿಗೇ ಕೈಹಾಕುತ್ತಿದ್ದ. ಈಗ ಅವನೂ ಮುದುಕ. ಅವನ ಮಗ ಒಂದು ದೊಡ್ಡ ಗಾಡಿ ಕೊಂಡಿದ್ದಾನೆ. ಹತ್ತಲು ನನಗೆ ಸ್ಟೂಲು ಬೇಕು. ಮೊನ್ನೆ ಅದರಲ್ಲಿ ಹೋಗುವಾಗ ಹಿಂದಿನಿಂದ ಸಣ್ಣಗೆ ಒಂದು ಕೀ ಸದ್ದು ಬಂತು. "ಅದೇನಿಲ್ಲ ಆಂಟಿ, ಸಸ್ಪೆನ್ಷನ್. ಸರ್ವಿಸಿಗೆ ಬಿಟ್ಟರೆ ಏನೋ ಸ್ಪ್ರೇ ಹೊಡೀತಾರೆ," ಎಂದ. ನಿಲ್ಲಿಸು ಎಂದೆ. ನಿಲ್ಲಿಸಿದ. "ಸ್ಪ್ರೇ ಆಮೇಲೆ. ಯಾವಾಗಿಂದ ಬರ್ತಾ ಇದೆ, ಹಿಂದೆ ಕೂತ್ಕೊಳೋದು ಯಾರು, ಅವರನ್ನ ಮೊದಲು ಕೇಳು," ಎಂದೆ. ಹಿಂದೆ ಕೂರುವುದು ಅವನ ಹೆಂಡತಿ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಆದರೆ ಕೇಳಿದ.

ಆ ಹಳೆಯ ಬೇಸಿಗೆಯಲ್ಲಿ, ಕೊನೆಯ ಗೀಟಿನ ದಿನ ಬೆಳಗ್ಗೆ, ರಾಹುಕಾಲಕ್ಕೆ ಮುಂಚೆ ನಾವು ಹೊರಟೆವು. ಮುಂದೆ ಅಪ್ಪ ಮತ್ತು ಡ್ರೈವರ್ ಭಾಯಿ. ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅಮ್ಮ. ಎಡ ಕಿಟಕಿಯ ಪಕ್ಕದ ಮಡಿಸುವ ಸೀಟಿನಲ್ಲಿ ನಾನು, ಚಾಪೆ ಸುತ್ತಿದ ಹಾಸಿಗೆಯ ಮೇಲೆ ಕಾಲಿಟ್ಟು. ಒಳಗೆ ಬನ್ನಿ ಎಂದರೆ ತಾತ ಬರಲಿಲ್ಲ. "ಒಳಗ್ ಕೂತ್ರೆ ಕೇಳಲ್ಲ," ಎಂದು ಎಡಗಡೆಯ ಫುಟ್‌ಬೋರ್ಡಿನ ಮೇಲೆ ಕೂತು, ಒಂದು ಕೈಯಲ್ಲಿ ಬಾಗಿಲು ಹಿಡಿದು, ಕೋಲು ಕಚ್ಚಿದರು. ದಾರಿಯುದ್ದಕ್ಕೂ ಅವರ ಮುಖ ನನ್ನ ಕಿಟಕಿಯ ಕೆಳಗೇ ಇತ್ತು. ಕಣ್ಣು ಮುಚ್ಚಿತ್ತು. ಹುಬ್ಬಿನ ಮೇಲೆ ಕೆಂಪು ಧೂಳು ಕೂತಿತ್ತು.

ಮೋರಿ ಬಂತು. ಡ್ರೈವರ್ ಭಾಯಿ ಕಾರನ್ನು ಆಮೆಯ ಹಾಗೆ ನಡೆಸಿದರು. ಅಮ್ಮ ನನ್ನ ಕೈ ಹಿಡಿದುಕೊಂಡರು, ಬಳೆ ಚುಚ್ಚುವಷ್ಟು. ಕಾರು ಎಡಕ್ಕೆ ಇಳಿಯಿತು, ಏರಿತು. ಕೇಳಿದ್ದು ಎಂಜಿನ್ನಿನ ಗುರುಗುರು ಒಂದೇ. ಕೋಲಾರದ ಕೆರೆ ಕಂಡಾಗಲೂ ಅಮ್ಮ ಕೈ ಬಿಟ್ಟಿರಲಿಲ್ಲ. ಕೆರೆ ದಾಟಿತು, ಪೇಟೆ ದಾಟಿತು. ಯಾವಾಗಲೋ ಆ ಕೈ ತಾನಾಗಿ ಸಡಿಲವಾಯಿತು. ನೋಡಿದರೆ ಅಮ್ಮ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದುಕೊಂಡು, ಚಿಕ್ಕ ಹುಡುಗಿಯ ಹಾಗೆ. ಆ ಬೇಸಿಗೆಯಲ್ಲಿ ಅವರು ಹಗಲು ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನರಸಾಪುರದ ಹತ್ತಿರ ತಾತ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಕಾರು ನಿಂತಿತು. ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡರು. ಇಷ್ಟು ದೂರ ಕೇಳಿದ್ದು ಸಾಕೆನ್ನಿಸಿತ್ತೇನೋ; ಅಲ್ಲಿಂದ ಮುಳಬಾಗಿಲಿಗೆ ಬಸ್ಸಿತ್ತು. ನಾನು ಕಿಟಕಿಯಿಂದ ತಲೆ ಹೊರಹಾಕಿದೆ. ಕಾನ್ವೆಂಟಿನಲ್ಲಿ ಕಲಿಸಿದ್ದ ಥ್ಯಾಂಕ್ ಯೂ ನಾಲಿಗೆಯ ತುದಿಯಲ್ಲಿತ್ತು. ಕನ್ನಡದಲ್ಲಿ ಅದಕ್ಕೆ ಏನೆನ್ನಬೇಕೋ ಹೊಳೆಯುತ್ತಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ತಾತ ಒಳಗೆ ಮಲಗಿದ್ದ ಅಮ್ಮನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟರು. ಮಾತಾಡಬೇಡ ಎಂದು. ಹೋಗಿ ಎಂದು ಡ್ರೈವರ್ ಭಾಯಿಗೆ ಕೈಬೀಸಿದರು.

ಕಾರು ಹೊರಟಿತು. ನಾನು ಕಿಟಕಿಯಿಂದಲೇ ಹಿಂದಕ್ಕೆ ತಿರುಗಿ ನೋಡಿದೆ. ತಾತ ರಸ್ತೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದರು. ಕೋಲಿನ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿಕೊಂಡು, ನಾವು ಹೋಗುವುದನ್ನು ಕೇಳುತ್ತಿದ್ದರು.